ಮೂರು ಸರ್ಕಾರ, ಒಬ್ಬ ಗನ್‌ಮ್ಯಾನ್

ಸಂಜೀವಪ್ಪನ ಕೆಲಸವೇನು ಎಂದು ಊರಲ್ಲಿ ಯಾರಾದರೂ ಕೇಳಿದರೆ ಅವನ ಅಕ್ಕ ಅಕ್ಕಯಮ್ಮ, "ಎಮ್ಮೆಲ್ಲೆ ಹಿಂದೆ ನಿಂತ್ಕೊಳ್ಳೋದು" ಎನ್ನುತ್ತಿದ್ದಳು. ಆ ಮಾತಿನಲ್ಲಿ ತಮಾಷೆ ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು. ಪೇಪರಿನಲ್ಲಿ ಶಾಸಕರ ಫೋಟೊ ಬಂದಾಗೆಲ್ಲ ಅದರ ಅಂಚಿನಲ್ಲಿ ತಮ್ಮನ ಒಂದು ಭುಜವೋ ಅರ್ಧ ಮುಖವೋ ಇರುತ್ತಿತ್ತು. ಅದನ್ನು ಅವಳು ಪಕ್ಕದ ಮನೆಯವರಿಗೆ ಬೆರಳಿಟ್ಟು ತೋರಿಸುತ್ತಿದ್ದಳು.

ಅವನು ಸಶಸ್ತ್ರ ಮೀಸಲು ಪಡೆಯ ಪೇದೆ. ಊರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಅಂಚಿನಲ್ಲಿರುವ ಒಂದು ಹಳ್ಳಿ. ಅಲ್ಲಿ ತಾತನ ಕಾಲದಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನಿತ್ತು. ಅರ್ಧದಲ್ಲಿ ರಾಗಿ, ಇನ್ನರ್ಧದಲ್ಲಿ ಹಿಪ್ಪುನೇರಳೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅಕ್ಕಯಮ್ಮನೇ ಬೇಸಾಯ ನೋಡಿಕೊಳ್ಳುತ್ತಿದ್ದಳು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಸಂಜೀವಪ್ಪ ಹೆಂಡತಿ ಪ್ರಮೋದಾ ಮತ್ತು ಮಗಳ ಜೊತೆ ಬೆಂಗಳೂರಿನ ಪೊಲೀಸ್ ಕ್ವಾರ್ಟರ್ಸ್‌ನಲ್ಲಿದ್ದ. ರಜೆ ಸಿಕ್ಕಿದಾಗ ಬೈಕಿನಲ್ಲಿ ಊರಿಗೆ ಬಂದು, ಒಂದಿಷ್ಟು ಸೊಪ್ಪು ಕೊಯ್ದುಕೊಟ್ಟು, ಸಂಜೆಗೆ ಹಿಂತಿರುಗುತ್ತಿದ್ದ.

2018ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡು ಪಕ್ಷಗಳು ಕೂಡಿ ಸಮ್ಮಿಶ್ರ ಸರ್ಕಾರ ಮಾಡಿದವು. ದೂರದ ಜಿಲ್ಲೆಯೊಂದರಿಂದ ಮೊದಲ ಸಲ ಗೆದ್ದು ಬಂದ, ಆಳುವ ಕಡೆಯ ಶಾಸಕರೊಬ್ಬರಿಗೆ ಸಂಜೀವಪ್ಪನನ್ನು ಗನ್‌ಮ್ಯಾನ್ ಆಗಿ ಹಾಕಿದರು. ಸಂಜೀವಪ್ಪ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದ. ದಪ್ಪ ದೇಹದ, ಬೇಗ ಬೆವರುವ, ಬೇಗ ನಗುವ ಮನುಷ್ಯ. ಸಂಜೀವಪ್ಪನನ್ನು ಊಟ ಆಯಿತಾ ಎಂದು ಕೇಳದೆ ತಾವು ಊಟಕ್ಕೆ ಕೂರುತ್ತಿರಲಿಲ್ಲ. ಹಿಂದೆ ಬೇರೆಯವರ ಜೊತೆ ಕೆಲಸ ಮಾಡಿದ್ದ ಸಂಜೀವಪ್ಪನಿಗೆ ಇದು ದೊಡ್ಡ ವಿಷಯ.

ಆ ಸರ್ಕಾರ ಹುಟ್ಟಿದ ದಿನದಿಂದಲೂ ಬೀಳುವ ಭಯದಲ್ಲೇ ಇತ್ತು. ಅವರೆಕಾಯಿ ಕಾಲದಲ್ಲಿ ಒಮ್ಮೆ ಕೆಲವು ಶಾಸಕರು ವಿರೋಧ ಪಕ್ಷಕ್ಕೆ ಹಾರುತ್ತಾರೆ ಎಂಬ ಸುದ್ದಿ ಎದ್ದಾಗ, ನಾಯಕರು ತಮ್ಮವರನ್ನೆಲ್ಲ ಬಸ್ಸಿನಲ್ಲಿ ತುಂಬಿ ನಂದಿಬೆಟ್ಟದ ಕಡೆಯ ಒಂದು ರೆಸಾರ್ಟಿಗೆ ತಂದು ಇಳಿಸಿದರು. ಶಾಸಕರ ಫೋನುಗಳನ್ನು ತೆಗೆದಿಟ್ಟುಕೊಂಡರು. ಗನ್‌ಮ್ಯಾನ್‌ಗಳ ಫೋನುಗಳೂ ಹೋದವು. ಗೇಟಿಗೆ ಪಕ್ಷದ ಹುಡುಗರ ಕಾವಲು. ಸಂಜೀವಪ್ಪ ಸಾಹೇಬರ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತ. ಹೊರಗಿನವರು ಒಳಗೆ ಬರದಂತೆ ನೋಡಿಕೊಳ್ಳುವುದು ಅವನ ಕೆಲಸ. ಎರಡನೇ ದಿನ ಪಕ್ಷದ ಮುಖಂಡರೊಬ್ಬರು ಬಂದು, "ನಿಮ್ಮ ಸಾಹೇಬ್ರು ಹೊರಗೆ ಹೋಗ್ದಂಗೂ ನೋಡ್ಕೋಬೇಕಪ್ಪಾ" ಎಂದರು.

"ಅದು ನನ್ನ ಡ್ಯೂಟಿ ಅಲ್ಲ ಸಾರ್."

"ಈಗ ಅದೇ ಡ್ಯೂಟಿ ಅಂದ್ಕೋ."

ರೆಸಾರ್ಟಿನಿಂದ ಊರು ಬೈಕಿನಲ್ಲಿ ಹೋದರೆ ತೀರಾ ದೂರವಲ್ಲ. ಆದರೂ ಅವನು ಹೋಗುವಂತಿರಲಿಲ್ಲ. ತಮ್ಮನ ಫೋನು ಸ್ವಿಚಾಫ್ ಆಗಿರುವುದು ಕಂಡು ಗಾಬರಿಯಾದ ಅಕ್ಕಯಮ್ಮ, ಟಿವಿಯಲ್ಲಿ ರೆಸಾರ್ಟಿನ ಗೇಟು ನೋಡಿ, ಆಟೊ ಹತ್ತಿ ಅಲ್ಲಿಗೇ ಬಂದುಬಿಟ್ಟಳು. ಕೈಯಲ್ಲಿ ಟಿಫನ್ ಕ್ಯಾರಿಯರ್. ಒಳಗೆ ಹಿತಕಿದ ಬೇಳೆ ಸಾರು, ಮುದ್ದೆ. ಗೇಟಿನ ಹುಡುಗರು ಕ್ಯಾರಿಯರ್ ಬಿಚ್ಚಿ, ಮುದ್ದೆಯೊಳಗೆ ಫೋನು ಅಡಗಿಸಿದ್ದಾಳೇನೋ ಎಂದು ಚಮಚದಲ್ಲಿ ಚುಚ್ಚಿ ನೋಡಿದರು. ಅಕ್ಕ ತಮ್ಮ ಗೇಟಿನ ಸರಳುಗಳ ಮಧ್ಯೆ ಮಾತಾಡಿದರು.

"ನೀನೇನ್ ತಪ್ಪು ಮಾಡ್ದೆ ಅಂತ ಕೂಡಿಹಾಕವ್ರೆ?"

"ನನ್ನನ್ನಲ್ಲ ಅಕ್ಕ, ಸಾಹೇಬ್ರನ್ನ."

"ಅವ್ರೇನ್ ತಪ್ಪು ಮಾಡವ್ರೆ?"

"ಇನ್ನೂ ಮಾಡಿಲ್ಲ. ಮಾಡ್ಬಾರ್ದು ಅಂತ."

ಅಕ್ಕಯಮ್ಮನಿಗೆ ನಗು ಬಂತು. ಗೇಟಿನ ಹುಡುಗರಿಗೂ ಬಂತು. ಸಂಜೀವಪ್ಪನಿಗೆ ಮಾತ್ರ ಬರಲಿಲ್ಲ. ಆ ಸಾರಿನಲ್ಲಿ ಅರ್ಧವನ್ನು ಸಾಹೇಬರೇ ಊಟ ಮಾಡಿದರು. ರೆಸಾರ್ಟಿನ ಬಫೆ ತಿಂದು ತಿಂದು ಅವರಿಗೆ ಬಾಯಿ ಕೆಟ್ಟುಹೋಗಿತ್ತು. ಬೆರಳು ನೆಕ್ಕುತ್ತ, "ನಿಮ್ಮಕ್ಕನಿಗೆ ಏನಾದ್ರೂ ಬೇಕಾದ್ರೆ ಒಂದ್ ಮಾತು ಹೇಳು ಸಂಜೀವ. ಮರೀಬೇಡ" ಎಂದರು. ಆ ಹೊತ್ತಿಗೆ ಅದು ಬಾಯಿಮಾತಾಗಿರಲಿಲ್ಲ ಎಂದು ಸಂಜೀವಪ್ಪ ಇಂದಿಗೂ ನಂಬುತ್ತಾನೆ.

ಆ ಸಲ ಸರ್ಕಾರ ಉಳಿಯಿತು. ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ಏರ್‌ಪೋರ್ಟಿಗೆ ಕಾರು ತೆಗೆಸಿದರು. ಎಲ್ಲಿಗೆ ಎಂದು ಹೇಳಲಿಲ್ಲ. ದಾರಿಯುದ್ದಕ್ಕೂ ಮಾತಿಲ್ಲ. ಬಾಗಿಲ ಬಳಿ ಇಳಿದು, ಸಂಜೀವಪ್ಪನನ್ನು ಪಕ್ಕಕ್ಕೆ ಕರೆದು, "ನಿನ್ನ ಪಿಸ್ತೂಲು ಒಳಗೆ ಬಿಡಲ್ಲ, ನೀನು ಬರೋದು ಬೇಡ. ಫೋನ್ ಆಫ್ ಮಾಡ್ಕೊಂಡು ನಿಮ್ಮೂರಿಗೆ ಹೋಗಿ ಎರಡು ದಿವಸ ಇರು. ಯಾರು ಕೇಳಿದ್ರೂ ಗೊತ್ತಿಲ್ಲ ಅನ್ನು" ಎಂದರು. ಒಳಗೆ ಇನ್ನೂ ಕೆಲವು ಶಾಸಕರು ಟೋಪಿ ಹಾಕಿಕೊಂಡು ನಿಂತಿದ್ದನ್ನು ಗಾಜಿನಾಚೆ ಸಂಜೀವಪ್ಪ ನೋಡಿದ. ಏನು ನಡೆಯುತ್ತಿದೆ ಎನ್ನುವುದು ಅವನಿಗೆ ಹೊಳೆಯಿತು.

ನಿಯಮದ ಪ್ರಕಾರ ಅವನು ಕೂಡಲೇ ಮೇಲಿನವರಿಗೆ ತಿಳಿಸಬೇಕಿತ್ತು. ತಿಳಿಸಿದರೆ ವಿಮಾನ ಏರುವ ಮೊದಲೇ ಯಾರಾದರೂ ಬಂದು ಸಾಹೇಬರನ್ನು ಹಿಡಿದುಕೊಳ್ಳುತ್ತಿದ್ದರು. ಒಂದು ವರ್ಷ ದಿನವೂ ತನ್ನನ್ನು ಊಟ ಆಯಿತಾ ಎಂದು ಕೇಳಿದ ಮನುಷ್ಯ. ಅವನು ಫೋನು ಕೈಯಲ್ಲಿ ಹಿಡಿದು ಪಾರ್ಕಿಂಗಿನಲ್ಲಿ ಬಹಳ ಹೊತ್ತು ನಿಂತ. ಆಮೇಲೆ ಅದನ್ನು ಆಫ್ ಮಾಡಿ ಊರಿನ ಬಸ್ಸು ಹತ್ತಿದ.

ಮನೆಗೆ ಬಂದವನು ಸೊಂಟದಿಂದ ಪಿಸ್ತೂಲು ಬಿಚ್ಚಿ ಇಡಲು ಜಾಗ ಹುಡುಕುತ್ತಿದ್ದಾಗ ಅಕ್ಕಯಮ್ಮ, "ದೇವ್ರಮನೇಲಿ ಇಡ್ಬೇಡ ಕಣೋ ಅದನ್ನ" ಎಂದಳು. ಕೊನೆಗೆ ಅದು ಟ್ರಂಕಿನಲ್ಲಿ ಅವಳ ಮದುವೆ ಸೀರೆಯ ಕೆಳಗೆ ಹೋಯಿತು. ಸಂಜೆ ಟಿವಿಯಲ್ಲಿ ಶಾಸಕರು ಬೇರೆ ರಾಜ್ಯದಲ್ಲಿ ವಿಮಾನ ಇಳಿಯುವುದು ಬಂತು. ಅಕ್ಕಯಮ್ಮ ಪರದೆಯ ಹತ್ತಿರಕ್ಕೆ ಹೋಗಿ ನೋಡಿದಳು.

"ಇವ್ರು ನಿಮ್ಮ ಸಾಹೇಬ್ರಲ್ವೇನೋ? ಮತ್ತೆ ನೀನ್ಯಾಕೆ ಪಕ್ಕದಲ್ಲಿಲ್ಲ?"

ಸಂಜೀವಪ್ಪ ಎದ್ದು ಟಿವಿ ಆಫ್ ಮಾಡಿದ. ಮರುದಿನ ಇಲಾಖೆಯ ಜೀಪು ಊರಿಗೆ ಬಂತು.

ಅಧಿಕಾರಿ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಗೊತ್ತಾದ ಮೇಲೆ ಯಾಕೆ ಹೇಳ್ಲಿಲ್ಲ?" ಗೊತ್ತಿರಲಿಲ್ಲ ಎಂದರೆ ದಡ್ಡನಾಗುತ್ತಿದ್ದ, ಗೊತ್ತಿತ್ತು ಎಂದರೆ ದ್ರೋಹಿಯಾಗುತ್ತಿದ್ದ. ಅವನು ಸುಮ್ಮನೆ ನಿಂತ. ಅಮಾನತಿನ ಆದೇಶ ಬಂತು. ಪ್ರಮೋದಾ ಅತ್ತಳು, ಆಮೇಲೆ ಸಿಟ್ಟಾದಳು. "ಅವ್ರು ಬೇರೆ ಊರಲ್ಲಿ ಎಸಿ ರೂಮಲ್ಲಿ ಅವ್ರೆ, ನೀವಿಲ್ಲಿ ಮನೇಲಿ ಕೂತಿದೀರ. ಯಾರಿಗೋಸ್ಕರ ರೀ ಇದೆಲ್ಲ?" ಆ ದಿನಗಳಲ್ಲಿ ವಿಧಾನಸಭೆಯ ಕಲಾಪವನ್ನು ಅವನು ಮನೆಯಲ್ಲೇ ಕೂತು ನೋಡಿದ. ಭಾಷಣದ ಮೇಲೆ ಭಾಷಣವಾಗಿ, ಕೊನೆಗೆ ವಿಶ್ವಾಸಮತದಲ್ಲಿ ಸೋತು, ಸರ್ಕಾರ ಹೋಯಿತು.

ಹೊಸ ಸರ್ಕಾರ ಬಂತು. ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದ ಸಾಹೇಬರು ಹೊಸ ಪಕ್ಷದಿಂದ ಉಪಚುನಾವಣೆಗೆ ನಿಂತು ಗೆದ್ದರು, ಮಂತ್ರಿಯಾದರು. ಪ್ರಮಾಣವಚನವಾದ ಕೆಲವೇ ದಿನಗಳಲ್ಲಿ ಸಂಜೀವಪ್ಪನ ಅಮಾನತು ರದ್ದಾಯಿತು. "ನನಗೆ ಸಂಜೀವನೇ ಬೇಕು. ನಂಬಿಕಸ್ಥ" ಎಂದು ಸಾಹೇಬರು ಕೇಳಿ ಹಾಕಿಸಿಕೊಂಡಿದ್ದರು. ಸಂಜೀವಪ್ಪ ಮತ್ತೆ ಗನ್‌ಮ್ಯಾನ್‌ಗಳು ಹಾಕುವ ಸಫಾರಿ ಸೂಟು ಹೊಲಿಸಿಕೊಂಡ. ಆದರೆ ಮೊದಲಿನ ಹಾಗಿರಲಿಲ್ಲ. ಹಿಂದೆ ಅವನು ಇಲಾಖೆಯವನಾಗಿದ್ದ, ಈಗ ಸಾಹೇಬರವನಾಗಿಬಿಟ್ಟಿದ್ದ. ಕ್ಯಾಂಟೀನಿನಲ್ಲಿ ಜೊತೆಯವರು, "ಏನ್ ಗುರು, ನಿಂಗೇನಪ್ಪಾ, ಮಂತ್ರಿ ಕಡೆಯೋನು" ಎಂದು ಪಕ್ಕಕ್ಕೆ ಸರಿದು ಕೂರುತ್ತಿದ್ದರು.

ಅದಾಗಿ ಎರಡು ವರ್ಷಕ್ಕೆ, ಕೈಗಾರಿಕೆಗೆ ಜಮೀನು ಬೇಕೆಂದು ಹೋಬಳಿಯ ಹಳ್ಳಿಗಳಿಗೆ ನೋಟಿಸು ಬಂತು. ಅಕ್ಕಯಮ್ಮನ ರಾಗಿ ಹೊಲ, ಹಿಪ್ಪುನೇರಳೆ ತೋಟ ಎರಡೂ ಅದರಲ್ಲಿದ್ದವು. ರೈತರು ಶಾಮಿಯಾನ ಹಾಕಿ ಧರಣಿ ಕೂತರು. ಅಕ್ಕಯಮ್ಮ ಬೆಳಗಿನ ಹೊತ್ತು ಹುಳುವಿಗೆ ಸೊಪ್ಪು ಹಾಕಿ, ಆಮೇಲೆ ಧರಣಿಗೆ ಹೋಗುತ್ತಿದ್ದಳು. ತಮ್ಮನಿಗೆ ಫೋನು ಮಾಡಿ, "ನೀನು ಮಂತ್ರಿ ಬೆನ್ನ ಹಿಂದೇನೇ ನಿಂತಿರ್ತೀಯ. ಒಂದ್ ಮಾತು ಕಿವಿಗೆ ಹಾಕೋ" ಎಂದಳು.

ಕ್ವಾರ್ಟರ್ಸ್‌ನಲ್ಲಿ ಪ್ರಮೋದಾಳದು ಬೇರೆಯೇ ಲೆಕ್ಕ. "ಪರಿಹಾರ ಬಂದ್ರೆ ನಿಮ್ಮೂರ ಹತ್ರ ವಿಜಯಪುರದಲ್ಲಿ ಒಂದು ಮನೆ ಕಟ್ಬೋದು. ನಿಮ್ಮ ರಿಟೈರ್‌ಮೆಂಟ್ ಆದ್ರೆ ಈ ಕ್ವಾರ್ಟರ್ಸ್ ಬಿಡ್ಬೇಕು. ಅವಾಗ ಎಲ್ಲಿಗೆ ಹೋಗೋಣ? ನಿಮ್ಮಕ್ಕ ಎಷ್ಟು ದಿವಸ ಹುಳ ಸಾಕ್ತಾರೆ ಹೇಳಿ." ಅವಳ ಮಾತಿನಲ್ಲಿ ದುರಾಸೆಯಿರಲಿಲ್ಲ. ಮದುವೆಯಾದಂದಿನಿಂದ ಅವಳು ಇದ್ದಿದ್ದು ಇಲಾಖೆಯ ಗೋಡೆಗಳ ನಡುವೆ. ಒಂದು ಮೊಳೆ ಹೊಡೆಯಬೇಕಾದರೂ ಯಾರನ್ನೋ ಕೇಳಬೇಕಿತ್ತು.

ಸಂಜೀವಪ್ಪ ಒಂದು ಮಧ್ಯಾಹ್ನ ಕಾರಿನಲ್ಲಿ ಧೈರ್ಯ ಮಾಡಿದ.

"ಸಾರ್, ನಮ್ಮಕ್ಕನ ಜಮೀನು ಹೋಗುತ್ತೆ. ನೀವೊಂದು ಮಾತು..."

ಸಾಹೇಬರು ಕಿಟಕಿಯಾಚೆ ನೋಡುತ್ತಲೇ ಇದ್ದರು. "ಆ ಸಾರಿನ ರುಚಿ ಇನ್ನೂ ನಾಲಿಗೆ ಮೇಲಿದೆ ಸಂಜೀವ. ಆದ್ರೆ ನೋಡು, ನಾನು ಇನ್ನೊಂದು ಮನೆಯಿಂದ ಬಂದೋನು. ಕ್ಯಾಬಿನೆಟ್‌ನಲ್ಲಿ ಇದಕ್ಕೆ ಅಡ್ಡ ಮಾತಾಡಿದ್ರೆ ಹಳೇ ಪಕ್ಷದ ಬುದ್ಧಿ ಹೋಗಿಲ್ಲ ಅಂತಾರೆ. ಈ ಸೀಟಿನಲ್ಲಿ ಕೂತ್ಕೊಂಡು ನಾನು ಮಾಡೋಕಾಗೋದು ಬಹಳ ಕಮ್ಮಿ ಕಣಯ್ಯಾ. ಪರಿಹಾರ ಬೇಗ ಬರೋ ಹಂಗೆ ಬೇಕಾದ್ರೆ ಹೇಳ್ತೀನಿ."

"ಪರಿಹಾರ ಬೇಡ ಅಂತಾರೆ ಸಾರ್ ನಮ್ಮಕ್ಕ."

"ಹಂಗಾದ್ರೆ ನಾನೇನು ಮಾಡ್ಲಿ?"

ಅವರು ಸುಳ್ಳು ಹೇಳುತ್ತಿಲ್ಲ ಎನ್ನುವುದೇ ಸಂಜೀವಪ್ಪನಿಗೆ ಹೆಚ್ಚು ಕಷ್ಟವಾಯಿತು. ಸುಳ್ಳಾಗಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಸಾಹೇಬರ ಆಪ್ತ ಸಹಾಯಕ ಅನಿಲ್‌ಕುಮಾರ್ ಮಾರನೇ ವಾರ ಅವನ ಹೆಗಲ ಮೇಲೆ ಕೈ ಹಾಕಿ, "ನಿಮ್ಮೂರೋರು ಮುಂದಿನ ವಾರ ಎಲ್ಲಿ ಮೆರವಣಿಗೆ ಮಾಡ್ತಾರಂತೆ? ಸ್ವಲ್ಪ ತಿಳ್ಕೊಂಡು ಹೇಳಪ್ಪಾ" ಎಂದ. ಸಂಜೀವಪ್ಪ ಗೊತ್ತಿಲ್ಲ ಎಂದ. ಅಕ್ಕಯಮ್ಮ ಹೇಳಿದ್ದರಿಂದ ನಿಜಕ್ಕೂ ಗೊತ್ತಿತ್ತು. ಅದಾದ ಮೇಲೆ ಅನಿಲ್‌ಕುಮಾರ್ ಅವನೆದುರು ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸಿದ.

ಊರಿನಲ್ಲೂ ಹಾಗೇ ಆಯಿತು. ಭಾನುವಾರ ಧರಣಿಯ ಶಾಮಿಯಾನದ ಹತ್ತಿರ ಬೈಕು ನಿಲ್ಲಿಸಿದರೆ ಮೈಕಿನಲ್ಲಿ ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. ಅವನು ಕೂರುವಂತೆಯೂ ಇರಲಿಲ್ಲ, ಸರ್ಕಾರಿ ನೌಕರ. ನಿಂತರೆ ಪೊಲೀಸಿನವನು ನಿಂತು ನೋಡುತ್ತಿದ್ದಾನೆ ಎಂದಾಗುತ್ತಿತ್ತು. ಒಂದು ಸಲ ಅಕ್ಕಯಮ್ಮ ಅವನನ್ನು ತೋಟದ ತನಕ ಕರೆದುಕೊಂಡು ಹೋಗಿ, ನೆಲ ನೋಡುತ್ತ ಹೇಳಿದಳು.

"ಸಂಜೀವ, ಸ್ವಲ್ಪ ದಿವಸ ಊರಿಗೆ ಬರ್ಬೇಡ ಕಣೋ."

"ಯಾಕಕ್ಕ? ನಾನೇನಾದ್ರೂ ಹೇಳ್ಬಿಟ್ಟಿದೀನಾ ಯಾರಿಗಾದ್ರೂ?"

"ನಂಗೊತ್ತು ನೀನು ಹೇಳಲ್ಲ. ಅವ್ರಿಗೆ ಗೊತ್ತಿಲ್ವಲ್ಲ. ನೀನು ಬಂದೋದ್ರೆ ನನ್ನ ಜೊತೆ ಎರಡು ದಿವಸ ಯಾರೂ ಮಾತಾಡಲ್ಲ."

ಅವನು ಸಾಹೇಬರನ್ನು, ನನ್ನನ್ನು ಬಿಟ್ಟುಬಿಡಿ, ಪಡೆಗೆ ವಾಪಸ್ ಹೋಗುತ್ತೇನೆ ಎಂದು ಕೇಳಿಕೊಂಡ. ಅವರು ಬೇಜಾರು ಮಾಡಿಕೊಂಡರು. "ನಿನ್ನ ಅಮಾನತು ತೆಗೆಸಿದ್ದು ಯಾರು?" ಎಂದು ಮೊದಲ ಸಲ ಕೇಳಿದರು. ಸಂಜೀವಪ್ಪ ಮತ್ತೆ ಆ ಮಾತೆತ್ತಲಿಲ್ಲ. ಊರಿಗೂ ಹೋಗಲಿಲ್ಲ. ಆ ವರ್ಷದ ರಾಗಿಯನ್ನು ಅಕ್ಕಯಮ್ಮ ಕೂಲಿಯವರಿಂದ ಕೊಯ್ಯಿಸಿ, ಮೂಟೆ ಮಾಡಿ ಬಸ್ಸಿಗೆ ಹಾಕಿ ಕಳಿಸಿದಳು. ಮೂಟೆ ಇಳಿಸಿಕೊಳ್ಳಲು ಪ್ರಮೋದಾ ಹೋದಳು.

2023ರಲ್ಲಿ ಸಾಹೇಬರು ಸೋತರು. ಸರ್ಕಾರವೂ ಬದಲಾಯಿತು. ಫಲಿತಾಂಶದ ದಿನ ಅವರ ಮನೆಯ ಮುಂದೆ ಕಾರುಗಳು ಒಂದೊಂದಾಗಿ ಕರಗಿದವು. ಸಂಜೆಗೆ ಸಂಜೀವಪ್ಪ, ಅಡುಗೆಯವನು, ಸಾಹೇಬರು ಮೂವರೇ ಉಳಿದರು. "ನಿನಗೆ ಬಿಡುಗಡೆ ಆಯ್ತಲ್ಲಪ್ಪಾ" ಎಂದು ಸಾಹೇಬರು ನಕ್ಕರು. ಅವರ ಮೇಲೆ ಸಂಜೀವಪ್ಪನಿಗೆ ಕರುಣೆ ಬಂತು. ಹಾಗೆ ಕರುಣೆ ಬಂದದ್ದಕ್ಕೆ ತನ್ನ ಮೇಲೇ ಬೇಸರವೂ ಆಯಿತು.

ವಿರೋಧ ಪಕ್ಷದಲ್ಲಿದ್ದಾಗ ಧರಣಿಗೆ ಬಂದು ಬೆಂಬಲ ಹೇಳಿ ಹೋಗಿದ್ದವರೇ ಈಗ ಸರ್ಕಾರದಲ್ಲಿದ್ದರು. ಊರಿನವರು ಈಗಲಾದರೂ ಭೂಸ್ವಾಧೀನ ಕೈಬಿಡುತ್ತಾರೆ ಎಂದು ಕಾದರು. ಒಂದು ವರ್ಷ ಹೋಯಿತು, ಇನ್ನೊಂದೂ ಹೋಯಿತು. ಶಾಮಿಯಾನದ ಬಟ್ಟೆ ಬಿಸಿಲಿಗೆ ಹರಿದು ಹೊಸದು ಹಾಕಿದರು. 2025ರ ಮಳೆಗಾಲದಲ್ಲಿ ದೇವನಹಳ್ಳಿಯಲ್ಲಿ ದೊಡ್ಡ ಸಭೆ ಸೇರಿದರು. ಮೀಸಲು ಪಡೆಗೆ ಹಿಂತಿರುಗಿದ್ದ ಸಂಜೀವಪ್ಪನಿಗೆ ಅಂದು ಅಲ್ಲಿಯೇ ಬಂದೋಬಸ್ತ್ ಬಿತ್ತು. ನನ್ನ ಊರಿನವರು ಇರುತ್ತಾರೆ, ಬೇರೆ ಕಡೆ ಹಾಕಿ ಎಂದು ಕೇಳಿದ. "ಎಲ್ಲರಿಗೂ ಒಂದೊಂದು ಊರಿರುತ್ತೆ ಕಣಯ್ಯಾ" ಎಂಬ ಉತ್ತರ ಬಂತು.

ಅನುಮತಿಯ ಸಮಯ ಮುಗಿದರೂ ಜನ ಏಳಲಿಲ್ಲ. ಸಂಜೆ ಪೊಲೀಸರು ಅವರನ್ನು ಬಂಧಿಸಿ ಬಸ್ಸುಗಳಿಗೆ ಹತ್ತಿಸಲು ಶುರುಮಾಡಿದರು. ಸಂಜೀವಪ್ಪನ ಪಾಲಿಗೆ ಬಂದದ್ದು ಒಂದು ಬಸ್ಸಿನ ಬಾಗಿಲು. ಬಸ್ಸು ಪೊಲೀಸ್ ಮೈದಾನ ಸೇರುವವರೆಗೆ ಯಾರನ್ನೂ ಇಳಿಸಬಾರದು ಎಂದು ಅಪ್ಪಣೆ. ಹತ್ತಿದವರಲ್ಲಿ ಅರ್ಧ ಜನ ಅವನ ಊರಿನವರೇ. ಅಕ್ಕಯಮ್ಮ ಹಸಿರು ಶಾಲು ಹೊದ್ದು, ಅವನ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಹೋಗಿ, ಕಿಟಕಿ ಪಕ್ಕ ಕೂತಳು. ಅವನ ಮುಖ ನೋಡಲಿಲ್ಲ. ಅವನು ಬಾಗಿಲು ಹಾಕಿ ಚಿಲಕ ಎಳೆದ.

ಬಸ್ಸು ಹೊರಟಿತು, ಸ್ವಲ್ಪ ದೂರ ಹೋಗಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತೇಬಿಟ್ಟಿತು. ಒಳಗೆ ಸೆಕೆ. ಯಾರೋ ಘೋಷಣೆ ಕೂಗಿದರು, ಸುಸ್ತಾಗಿ ನಿಲ್ಲಿಸಿದರು. ಅಶ್ವತ್ಥಮ್ಮ ಎಂಬ ಸಕ್ಕರೆ ಕಾಯಿಲೆಯ ಮುದುಕಿ ಸೀಟಿನಲ್ಲಿ ಹಿಂದೆ ಮುಂದೆ ಹೊರಳಾಡತೊಡಗಿದಳು.

"ಸಂಜೀವಣ್ಣ, ಬಾಗ್ಲು ತೆಗಿಯಪ್ಪಾ. ತಡ್ಕೊಳ್ಳೋಕಾಗ್ತಿಲ್ಲ."

"ಇನ್ನೇನು ಬಂದುಬಿಡುತ್ತೆ ಅಜ್ಜಿ."

"ಬರಲ್ಲ ಕಣಪ್ಪಾ, ನೋಡು ನಿಂತೇ ಐತೆ."

ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅಕ್ಕಯಮ್ಮನೊಬ್ಬಳನ್ನು ಬಿಟ್ಟು. ಮುದುಕಿ ಅಳಲು ಶುರುಮಾಡಿದಳು, ಅವಮಾನದ ಅಳು. ಸಂಜೀವಪ್ಪ ಚಿಲಕ ತೆಗೆದು ಬಾಗಿಲು ನೂಕಿದ. ಅಕ್ಕಯಮ್ಮ ಎದ್ದು ಬಂದು ಅಶ್ವತ್ಥಮ್ಮನ ರಟ್ಟೆ ಹಿಡಿದು ಇಳಿಸಿ, ರಸ್ತೆ ಪಕ್ಕದ ಗೋಡೆಯ ಹಿಂದಕ್ಕೆ ಕರೆದೊಯ್ದಳು. ಅಷ್ಟರಲ್ಲಿ ಹಿಂದಿನ ಸೀಟಿನ ಕೆಲವು ಯುವಕರು ಅವನನ್ನು ಪಕ್ಕಕ್ಕೆ ತಳ್ಳಿ ಜಿಗಿದು, ವಾಹನಗಳ ಮಧ್ಯೆ ಮಾಯವಾದರು. ಸಂಜೀವಪ್ಪ ಹಿಡಿಯಲು ಹೋಗಲಿಲ್ಲ.

ಅಕ್ಕಯಮ್ಮ ಮುದುಕಿಯನ್ನು ಹಿಡಿದುಕೊಂಡು ವಾಪಸ್ ಬಂದಳು. ಬಾಗಿಲ ಬಳಿ ತಮ್ಮನ ಎದುರು ನಿಂತು, ಬಹಳ ದಿನದ ಮೇಲೆ ಮೊದಲ ಸಲ ಮಾತಾಡಿದಳು.

"ಹುಡುಗ್ರು ಓಡೋದ್ರಾ?"

"ಹೂಂ ಅಕ್ಕ. ನೀನೂ ಹೋಗ್ಬೋದಿತ್ತು."

"ನಾನ್ಯಾಕೋ ಓಡೋಗ್ಲಿ? ನಾನೇನು ಕದ್ದಿದೀನಾ?" ಎಂದು ಹತ್ತಿ ತನ್ನ ಸೀಟಿನಲ್ಲೇ ಕೂತಳು. "ಬಾಗ್ಲು ಹಾಕ್ಕೋ. ಇಲ್ದಿದ್ರೆ ನಿನ್ನ ಕೆಲ್ಸಕ್ಕೆ ತೊಂದ್ರೆ."

ತೊಂದರೆ ಆಗಲೇ ಆಗಿತ್ತು. ಇಲಾಖೆಯ ವಿಚಾರಣೆ ಶುರುವಾಯಿತು. ಈ ಸಲ ಕೇಳಿದ ಅಧಿಕಾರಿ ಬೇರೆ, ಪ್ರಶ್ನೆ ಬೇರೆ. ಸಂಜೀವಪ್ಪನೂ ಹಿಂದಿನಂತೆ ಸುಮ್ಮನೆ ನಿಲ್ಲದೆ ಬಾಯಿ ಬಿಟ್ಟ. "ನಾನೇ ತೆಗೆದೆ ಸಾರ್. ಅಜ್ಜಿಗೆ ತಡ್ಕೊಳ್ಳೋಕಾಗ್ಲಿಲ್ಲ" ಎಂದ. ಬಡ್ತಿಯ ಸಾಲಿನಲ್ಲಿದ್ದವನನ್ನು ಹಿಂದಕ್ಕೆ ಹಾಕಿದರು.

ಅದಾಗಿ ಕೆಲವು ವಾರಕ್ಕೆ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಇಷ್ಟವಿದ್ದವರು ಕೊಡಬಹುದು, ಬಲವಂತವಿಲ್ಲ ಎಂದಿತು. ಊರಲ್ಲಿ ಪಟಾಕಿ ಹೊಡೆದರು, ತಮಟೆ ಬಡಿದರು. ಸಂಜೀವಪ್ಪ ಎರಡು ದಿನ ಬಿಟ್ಟು, ಗದ್ದಲ ಇಳಿದ ಮೇಲೆ ಹೋದ. ಅಶ್ವತ್ಥಮ್ಮ ಕರೆದು ಕಾಫಿ ಕೊಟ್ಟಳು. ಉಳಿದವರು ತಲೆ ಆಡಿಸಿ ಸುಮ್ಮನೆ ಹೋದರು. ಇಷ್ಟು ವರ್ಷ ಕೂಡಿದ ಅನುಮಾನ ಒಂದು ಬಾಗಿಲು ತೆರೆದ ಮಾತ್ರಕ್ಕೆ ಹೋಗುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

ಅಕ್ಕಯಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಅವನೂ ಕುಡುಗೋಲು ತೆಗೆದುಕೊಂಡ. ಇಬ್ಬರೂ ಒಂದು ಸಾಲು ಮುಗಿಸಿದ ಮೇಲೆ ಅವಳು ಕೇಳಿದಳು.

"ಈ ಜಮೀನಲ್ಲಿ ಅರ್ಧ ನಿಂದು. ಇಷ್ಟ ಇದ್ದೋರು ಕೊಡ್ಬೋದಂತೆ. ಪ್ರಮೋದಾಗೆ ಮನೆ ಆಸೆ, ನಂಗೂ ಗೊತ್ತು. ಮಾರ್ಬೇಕು ಅಂತಿದ್ರೆ ಈಗ್ಲೇ ಹೇಳ್ಬಿಡು. ಇನ್ನೊಂದು ಸಲ ಧರಣಿ ಕೂರೋಕೆ ನಂಗೆ ಶಕ್ತಿ ಇಲ್ಲ, ಅದೂ ನಿನ್ನೆದುರಿಗೆ."

"ಮಾರಲ್ಲಕ್ಕ" ಎಂದ ಸಂಜೀವಪ್ಪ. ಯೋಚಿಸಿ ಹೇಳಿದ್ದಲ್ಲ. ಅವಳ ಮುಖ ನೋಡಿ ಬೇರೆ ಏನೂ ಹೇಳಲಾಗದೆ ಹೇಳಿದ್ದು. ಅಕ್ಕಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಸಾಲಿಗೆ ಹೋದಳು.

ಮನೆಗೆ ಬಂದು ಪ್ರಮೋದಾಗೆ ಅದನ್ನು ಹೇಳಿದ. ಅವಳು ಜಗಳವಾಡಲಿಲ್ಲ. ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿ, "ನಿಮ್ಮಕ್ಕಂಗೆ ಹೇಳೋಕೆ ಮುಂಚೆ ನನ್ನನ್ನೂ ಒಂದ್ಸಲ ಕೇಳ್ಬೋದಿತ್ತು" ಎಂದಳು. ಆಮೇಲೆ, "ಅವ್ರಿಗೆ ಕೈಲಾಗ್ದೆ ಹೋದ್ಮೇಲೆ ಆ ಹೊಲ ಯಾರು ಮಾಡ್ತಾರೆ? ನೀವಾ? ಭಾನುವಾರಾನೂ ನಿಮ್ದಲ್ಲ" ಎಂದಳು.

ಈಚೆಗೆ ಸಂಜೀವಪ್ಪನನ್ನು ಆಳುವ ಪಕ್ಷದ ಶಾಸಕರೊಬ್ಬರಿಗೆ ಗನ್‌ಮ್ಯಾನ್ ಆಗಿ ಮತ್ತೆ ಹಾಕಿದ್ದಾರೆ. ಬೇಡ ಎಂದ, ಯಾರೂ ಕೇಳಲಿಲ್ಲ. ಮುಖ್ಯಮಂತ್ರಿ ಬದಲಾಗುತ್ತಾರಂತೆ, ಶಾಸಕರು ಗುಂಪುಗುಂಪಾಗಿ ಊಟಕ್ಕೆ ಸೇರುತ್ತಿದ್ದಾರಂತೆ ಎಂದು ಟಿವಿಯಲ್ಲಿ ದಿನವೂ ಬರುತ್ತಿದೆ. ಹೊಸ ಶಾಸಕರು ಒಳ್ಳೆಯವರೇ ಇರಬೇಕು. ಮೊದಲ ದಿನ ಅವರು "ಊಟ ಆಯ್ತಾ?" ಎಂದು ಕೇಳಿದಾಗ, ಬೆಳಗಿನಿಂದ ಏನೂ ತಿನ್ನದಿದ್ದ ಸಂಜೀವಪ್ಪ ಆಯಿತು ಎಂದುಬಿಟ್ಟ.